ರೆಕ್ಕೆಯಮ್ಮನ ಜುಟ್ಟು

ಹತ್ತಿ ಬೆಳ್ಳಗೇ ಇತ್ತು.

ಅಸಿಟೋನಿನಲ್ಲಿ ಅದ್ದಿದ ಹತ್ತಿಯುಂಡೆಯನ್ನು ಜುಟ್ಟಿನ ಬುಡಕ್ಕೆ ಒತ್ತಿ ಹಿಡಿದು ಹಿಡಿದು ನನ್ನ ತೋಳು ಬಿದ್ದುಹೋಗುವಂತಾಗಿತ್ತು. ಕೋಣೆಯ ತುಂಬ ಉಗುರಿನ ಬಣ್ಣ ಅಳಿಸುವ ದ್ರಾವಣದ ಘಾಟು. ಆದರೂ ಅಂಟು ಕರಗಲಿಲ್ಲ, ಬಣ್ಣ ಒಂದಿಷ್ಟೂ ಬಿಡಲಿಲ್ಲ.

"ಸಾಕಾ ಮೇಡಂ?" ಎಂದರು ಮ್ಯೂಸಿಯಂ ನಿರ್ದೇಶಕರು. ಬಾಗಿಲಿಗೆ ಒರಗಿ ಹೊರಗಡೆಯೇ ನಿಂತಿದ್ದರು. ಒಳಗೆ ಬಂದರೆ ಕೋಟಿಗೆ ಕಲ್ಲಿನ ಧೂಳು ಹತ್ತುತ್ತದೆಂಬ ಭಯ. "ಜುಟ್ಟು ಸುಳ್ಳು ಅಂತ ದೊಡ್ಡ ದೊಡ್ಡವರೇ ಹೇಳಿಯಾಗಿದೆ. ನೀವು ಹತ್ತಿ ಉಜ್ಜಿ ಇನ್ನೇನು ಕಂಡುಹಿಡೀತೀರಿ?"

"ಸುಳ್ಳು ಅನ್ನೋದು ನನಗೂ ಗೊತ್ತು ಸರ್. ಯಾರ ಸುಳ್ಳು ಅಂತ ನೋಡ್ತಿದ್ದೀನಿ."

ಮೇಜಿನ ಮೇಲೆ ರೆಕ್ಕೆಯಮ್ಮ ಮಲಗಿದ್ದಳು. ಹಾಗೆ ಹೆಸರಿಟ್ಟವರು ಅವಳನ್ನು ಕಲ್ಲಿನಿಂದ ಬಿಡಿಸಿದ ಮ್ಯೂಸಿಯಂ ಕೆಲಸಗಾರ, ಉಳಿ ಮೇಷ್ಟ್ರು. ಮನುಷ್ಯರು ಹುಟ್ಟುವುದಕ್ಕೆ ಕೋಟಿಗಟ್ಟಲೆ ವರ್ಷ ಮೊದಲು ಆಕಾಶದಲ್ಲಿ ಓಡಾಡಿ, ಯಾವುದೋ ಕೆಸರಿಗೆ ಬಿದ್ದು, ಕೆಸರಿನ ಜೊತೆಗೇ ಕಲ್ಲಾಗಿಹೋದ ಜೀವ ಅದು. ಹಕ್ಕಿಯಲ್ಲ, ಬಾವಲಿಯೂ ಅಲ್ಲ; ಮೊಸಳೆಗಳ ಕಡೆಯ ದೂರದ ನೆಂಟ. ಬಾಗಿಲಿನಷ್ಟು ಅಗಲದ ಚಪ್ಪಡಿಯಲ್ಲಿ ಕತ್ತು ಹಿಂದಕ್ಕೆ ವಾಲಿಸಿ ಬಿದ್ದುಕೊಂಡಿತ್ತು. ಕೈಯ ಉಂಗುರದ ಬೆರಳೊಂದೇ ಮೈಯುದ್ದಕ್ಕೂ ಬೆಳೆದು ರೆಕ್ಕೆಯನ್ನು ಹೊತ್ತಿತ್ತು. ತಲೆಯ ಹಿಂದೆ ಅಂಗೈಯಗಲದ ಮೂಳೆಯ ಜುಟ್ಟು. ಇಡೀ ರಾದ್ಧಾಂತ ಆ ಜುಟ್ಟಿನದು.

ಹೊರಗಿನಿಂದ ಬಂದ ವಿದ್ವಾಂಸರೊಬ್ಬರು ನೇರಳಾತೀತ ಬೆಳಕಿನ ದೀಪ ಹಿಡಿದಾಗ ಮೈಯೆಲ್ಲ ಒಂದು ಥರ, ಜುಟ್ಟೊಂದೇ ಇನ್ನೊಂದು ಥರ ಹೊಳೆದಿತ್ತು. ಇಲ್ಲದ ಜುಟ್ಟನ್ನು ಮೇಷ್ಟ್ರು ತಾವೇ ಮಾಡಿ ಅಂಟಿಸಿದ್ದಾರೆ ಎಂದು ಮ್ಯೂಸಿಯಂ ಸಭೆ ತೀರ್ಮಾನಿಸಿತು. "ಹೌದು, ನಾನೇ" ಎಂದು ಮೇಷ್ಟ್ರು ತಲೆ ತಗ್ಗಿಸಿದರು. ಮರುದಿನ ಬೆಳಿಗ್ಗೆ ಉಗ್ರಾಣದ ಮೆಟ್ಟಿಲ ಬುಡದಲ್ಲಿ ಹೆಣವಾಗಿದ್ದರು. ಕಾಲು ಜಾರಿತು ಎಂದರು ಪೊಲೀಸರು. ಮುಖ ತೋರಿಸಲಾರದೆ ತಾನೇ ಬಿದ್ದ ಎಂದರು ಜನ. ಅವರ ಹೆಂಡತಿ ಮಾತ್ರ ಯಾರ ಮಾತನ್ನೂ ನಂಬದೆ, ನಿವೃತ್ತ ಪೊಲೀಸಿನವಳಾದ ನನ್ನ ಮನೆಯ ಮುಂದೆ ಬಂದು ಕೂತರು.

ನಾನು ಇನ್ನೊಂದು ಹತ್ತಿಯುಂಡೆ ಅದ್ದಿ ರೆಕ್ಕೆಯ ಕಡೆಗೆ ಹೋದೆ. ಉದ್ದ ಬೆರಳಿನ ನಡುವೆ ಹಳೆಯ ಬಿರುಕೊಂದಿತ್ತು. ಅದನ್ನು ತುಂಬಿದ್ದು ಮೇಷ್ಟ್ರೇ, ವರ್ಷಗಳ ಹಿಂದೆ, ಎಲ್ಲರ ಕಣ್ಣೆದುರಿಗೆ. ಮುಟ್ಟಿದ್ದೇ ತಡ, ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಬಿರುಕಿನ ಅಂಚು ಬೆಲ್ಲದ ಹಾಗೆ ಮೆತ್ತಗಾಯಿತು.

"ನೋಡಿದ್ರಾ ಸರ್? ಇದು ಮೇಷ್ಟ್ರ ಕೈ."

"ಏನು ವ್ಯತ್ಯಾಸ?"

"ಅವರು ಏನು ಅಂಟಿಸಿದ್ರೂ ಕರಗಬೇಕು, ಏನು ತುಂಬಿದ್ರೂ ಕಾಣಬೇಕು. ಈ ತೇಪೆ ನೋಡಿ, ಮೂಳೆಗಿಂತ ಒಂದು ಛಾಯೆ ಹೆಚ್ಚು ಬಿಳುಪು. ಇದು ನನ್ನದು, ಇದು ಅವಳದ್ದು ಅಂತ ಯಾರಿಗಾದ್ರೂ ಗೊತ್ತಾಗಲಿ ಅಂತ. ಜುಟ್ಟಿನ ಮೇಲೆ ಭೂತಗನ್ನಡಿ ಹಿಡಿದ್ರೂ ಗೆರೆ ಕಾಣಲ್ಲ."

"ಮೋಸ ಮಾಡೋನು ನಿಯಮ ಪಾಲಿಸ್ತಾನಾ ಮೇಡಂ?"

ಮಾತು ಸರಿಯಾಗಿಯೇ ಇತ್ತು. ಆದರೆ ಮೇಷ್ಟ್ರ ಹೆಂಡತಿ ನನಗೊಂದು ಅಂಗಿ ತೋರಿಸಿದ್ದರು. ತೋಳು ಹರಿದಿದ್ದ ನೀಲಿ ಅಂಗಿ; ಹೊಲಿಗೆ ಹಾಕಿದ್ದು ಬಿಳಿ ದಾರದಲ್ಲಿ. ನೀಲಿ ದಾರವೇ ಇತ್ತಂತೆ, ಮೇಷ್ಟ್ರು ಬೇಡ ಅಂದರಂತೆ. ಹರಿದದ್ದು ಹರಿದ ಹಾಗೆ ಕಾಣಲಿ, ಅದರಲ್ಲೇನು ನಾಚಿಕೆ ಅಂದರಂತೆ. ಮನೆಯ ಅಂಗಿಗೇ ಸುಳ್ಳು ಹೇಳದವನು ರೆಕ್ಕೆಯಮ್ಮನಿಗೆ ಹೇಳಿಯಾನೇ? ಇದನ್ನು ನಿರ್ದೇಶಕರ ಮುಂದೆ ಹೇಳಿದ್ದರೆ ನಕ್ಕುಬಿಡುತ್ತಿದ್ದರು. ನಾನು ಬೇರೆ ಪ್ರಶ್ನೆ ಕೇಳಿದೆ.

"ಸಭೆ ಮುಗಿದ ಮೇಲೆ ಮೇಷ್ಟ್ರು ನಿಮ್ಮನ್ನ ನೋಡೋಕೆ ಬಂದಿದ್ರಾ?"

"ಇಲ್ಲ. ನಾನು ನೇರ ಮನೆಗೆ ಹೋದೆ. ಆಮೇಲೆ ಅವರನ್ನ ನೋಡಿದ್ದು... ಬೆಳಿಗ್ಗೆ, ಮೆಟ್ಟಿಲ ಹತ್ರ." ಸ್ವರ ತಗ್ಗಿಸಿ ನಿಟ್ಟುಸಿರು ಬಿಟ್ಟರು. ನಿಟ್ಟುಸಿರು ಬಿಡುವುದರಲ್ಲಿ ಅವರದು ಎತ್ತಿದ ಕೈ.

ನಾನು ಸೂಜಿ ತೆಗೆದುಕೊಂಡು, ಜುಟ್ಟಿನ ಹಿಂಬದಿಯ ಅಂಚನ್ನು ಅಕ್ಕಿಕಾಳಿನಷ್ಟು ಕೆರೆದೆ. ಭೂತಗನ್ನಡಿಯಲ್ಲಿ ಬಗ್ಗಿ ನೋಡಿದೆ. ಮೇಲೆ ಗಾಜಿನಂಥ ತೆಳು ಪದರ. ಅದರಡಿ ಹಳದಿ. ಅದರಡಿ ಕಂದು. ಇದು ಮೇಲಿಂದ ಬಣ್ಣ ಬಳಿದದ್ದಲ್ಲ. ಒಳಗಿನಿಂದ ಹೊರಕ್ಕೆ, ಪದರದ ಮೇಲೆ ಪದರವಾಗಿ ಬೆಳೆಸಿದ್ದು.

ನನ್ನ ನಾಲಿಗೆ ತಾನಾಗಿಯೇ ನನ್ನ ಮುಂದಿನ ಹಲ್ಲಿನ ಮೇಲೆ ಹೋಯಿತು.

ಆ ಹಲ್ಲು ನನ್ನದಲ್ಲ. ನಾನು ಪೊಲೀಸ್ ಇಲಾಖೆಯಲ್ಲಿದ್ದಾಗ ಸರಗಳ್ಳನೊಬ್ಬನ ಮೊಣಕೈ ನನ್ನ ಮೂಲ ಹಲ್ಲನ್ನು ಉದುರಿಸಿತ್ತು. ಹೊಸದನ್ನು ಕೂರಿಸುವಾಗ ದಂತವೈದ್ಯರು ಹೆಮ್ಮೆಯಿಂದ ಹೇಳಿದ್ದರು: ಒಳಗೆ ಗಾಢ, ನಡುವೆ ಹಳದಿ, ಮೇಲೆ ಗಾಜು, ಪದರ ಪದರವಾಗಿ ಕಟ್ಟಿದರೆ ಮಾತ್ರ ಜೀವ ಇರೋ ಹಲ್ಲಿನ ಹಾಗೆ ಕಾಣುತ್ತೆ, ಪಕ್ಕದ ಹಲ್ಲಿಗೂ ಗೊತ್ತಾಗಬಾರದು.

ಪಕ್ಕದ ಹಲ್ಲಿಗೂ ಗೊತ್ತಾಗಬಾರದು. ಸೂಜಿ ಕೆಳಗಿಟ್ಟು ಕುರ್ಚಿಯಲ್ಲಿ ಕೂತುಬಿಟ್ಟೆ. ನನಗೆ ಯಾಕಾದರೂ ಇದು ಹೊಳೆಯಿತೋ ಅನ್ನಿಸಿತು. ಏಕೆಂದರೆ ಉಳಿ ಮೇಷ್ಟ್ರ ಒಬ್ಬಳೇ ಮಗಳ ಉದ್ಯೋಗ ನನಗೆ ಗೊತ್ತಿತ್ತು. ದಂತವೈದ್ಯರಿಗೆ ಹಲ್ಲು ಮಾಡಿಕೊಡುವುದು.

"ಏನಾಯ್ತು ಮೇಡಂ?"

"ಮಂಡಿನೋವು" ಎಂದೆ.

ಹೊರಡುವಾಗ ಪ್ರದರ್ಶನದ ಹಜಾರದಲ್ಲಿ ಹಾದುಹೋದೆವು. ರೆಕ್ಕೆಯಮ್ಮ ನೇತಾಡುತ್ತಿದ್ದ ಗೋಡೆ ಖಾಲಿ. ಗೋಡೆಗೆ ಬಣ್ಣ ಹೊಡೆಯಲೆಂದು ಅವಳನ್ನು ಇಳಿಸಿದ್ದರು. ಇಳಿಸಿದ್ದರಿಂದಲೇ ಇಷ್ಟೆಲ್ಲ ಆಯಿತು. ಕೆಳಗೆ ಹಿತ್ತಾಳೆ ಫಲಕವಿದ್ದ ಜಾಗದಲ್ಲಿ ಎರಡು ತಿರುಪಿನ ತೂತು ಮಾತ್ರ ಉಳಿದಿತ್ತು. 'ಕಲ್ಲಿನಿಂದ ಬಿಡಿಸಿದವರು' ಎಂದು ಬರೆದು ಕೆಳಗೆ ಮೇಷ್ಟ್ರ ಹೆಸರಿದ್ದ ಫಲಕವಂತೆ. ಅವರ ಹೆಂಡತಿ ಗಂಡನ ಸಾಮಾನು ಒಯ್ಯಲು ಬಂದಾಗ ಆ ತೂತುಗಳನ್ನು ಬೆರಳಿನಿಂದ ಮುಟ್ಟಿ ನೋಡಿದರಂತೆ. ನನ್ನ ಹತ್ತಿರ ಬಂದಾಗ ಕೇಳಿದ್ದೂ ಅದನ್ನೇ: "ಯಾರು ಕೊಂದ್ರು ಅಂತ ಆಮೇಲೆ ನೋಡೋಣ ತಂಗಿ. ಅವರು ಮೋಸ ಮಾಡಿಲ್ಲ ಅಂತ ಮೊದಲು ಹೇಳಿಸು. ಆ ಹೆಸರು ಅಲ್ಲಿಗೆ ವಾಪಸ್ ಬರಬೇಕು. ಇಲ್ಲಾಂದ್ರೆ ಅವರು ನನಗೆ ಎರಡು ಸಲ ಸತ್ತ ಹಾಗೆ."

"ಅಂದಹಾಗೆ," ಎಂದರು ನಿರ್ದೇಶಕರು ಹೆಬ್ಬಾಗಿಲಲ್ಲಿ, "ಅವರ ಮನೇಲಿ ಚೂರುಪಾರು ಏನಾದ್ರೂ ಸಿಕ್ರೆ ನಮಗೆ ತಂದುಕೊಡಿ. ಅದೆಲ್ಲ ಮ್ಯೂಸಿಯಂ ಆಸ್ತಿ."

ಜಿಪುಣ ಎಂದುಕೊಂಡು ಮೆಟ್ಟಿಲಿಳಿದೆ.

ಹಲ್ಲಿನ ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಔಷಧಿ ಅಂಗಡಿಯ ಮೇಲಿನ ಎರಡು ಕೋಣೆ. ಕಿಟಕಿಯ ಪಕ್ಕ ಉದ್ದ ಮೇಜು, ಅದರ ಮೇಲೆ ಬಾಯಿ ತೆರೆದ ದವಡೆಗಳ ಸಾಲು. ಊರಿನ ಅರ್ಧ ಜನರ ನಗು ಅಲ್ಲಿ ತಯಾರಾಗುತ್ತಿತ್ತು; ಮಾಡುವವಳ ಮುಖದಲ್ಲಿ ಮಾತ್ರ ನಗು ಇರಲಿಲ್ಲ.

ಮಧ್ಯಾಹ್ನದ ಬಿಡುವು. ಜೊತೆಯವರು ಊಟಕ್ಕೆ ಹೋಗಿದ್ದರು. ಮಗಳು ಒಬ್ಬಳೇ ಕೂತು ಒಂದು ಬಾಚಿಹಲ್ಲಿಗೆ ಕೂದಲೆಳೆಯಂಥ ಕುಂಚದಿಂದ ಬಣ್ಣ ಕೊಡುತ್ತಿದ್ದಳು. ನನ್ನನ್ನು ನೋಡಿ ಎದ್ದಳು.

"ಬನ್ನಿ ಮೇಡಂ. ಅಮ್ಮನ ಹತ್ರ ಹೋಗಿದ್ರಾ?"

"ಇಲ್ಲಮ್ಮ, ಮೊದಲು ನಿನ್ನ ಹತ್ರ ಬಂದೆ." ನಾನು ಸ್ಟೂಲ್ ಎಳೆದುಕೊಂಡೆ. "ನನ್ನ ಈ ಹಲ್ಲು ನೋಡು. ಹೇಗಿದೆ?"

ಅವಳು ಬಗ್ಗಿ ನೋಡಿದಳು. ದುಃಖದಲ್ಲೂ ಕೆಲಸಗಾರರ ಕಣ್ಣು ಕೆಲಸ ಬಿಡುವುದಿಲ್ಲ. "ಚೆನ್ನಾಗಿಲ್ಲ ಮೇಡಂ. ಅಂಚು ಜಾಸ್ತಿ ನೀಲಿಯಾಗಿದೆ. ದೂರದಿಂದಲೇ ಗೊತ್ತಾಗುತ್ತೆ."

"ನೀನು ಮಾಡಿದ್ರೆ?"

"ಗೊತ್ತಾಗಲ್ಲ."

"ಹೌದು. ರೆಕ್ಕೆಯಮ್ಮನ ಜುಟ್ಟು ನೋಡಿದ್ರೂ ಗೊತ್ತಾಗಲ್ಲ."

ಕುಂಚ ಅವಳ ಬೆರಳಿನಿಂದ ಜಾರಿ ಮೇಜಿನ ಮೇಲೆ ಉರುಳಿತು. ಎತ್ತಿಕೊಳ್ಳಲಿಲ್ಲ. ಕೆಳಗೆ ಔಷಧಿ ಅಂಗಡಿಯಲ್ಲಿ ಯಾರೋ ಕೆಮ್ಮಿನ ಸಿರಪ್ ಕೇಳುತ್ತಿದ್ದದ್ದು ಸ್ಪಷ್ಟವಾಗಿ ಕೇಳಿಸಿತು.

ಅವಳು ಅಳಲಿಲ್ಲ, ಅಲ್ಲಗಳೆಯಲೂ ಇಲ್ಲ. "ಅಮ್ಮನಿಗೆ ಹೇಳಿದ್ರಾ?" ಎಂದಷ್ಟೇ ಕೇಳಿದಳು.

"ಇಲ್ಲ. ನೀನು ಹೇಳು ಮೊದಲು."

"ಅಪ್ಪನ ಕೈ ನಡುಗ್ತಿತ್ತು ಮೇಡಂ." ತನ್ನ ಕೈಗಳನ್ನೇ ನೋಡುತ್ತ ಹೇಳತೊಡಗಿದಳು. "ವರ್ಷದಿಂದ. ಯಾರಿಗೂ ಹೇಳಬೇಡ ಅಂದಿದ್ರು. ಗೋಡೆಗೆ ಬಣ್ಣ ಹೊಡೀಬೇಕು ಅಂತ ರೆಕ್ಕೆಯಮ್ಮನ್ನ ಇಳಿಸಿದ್ರಲ್ಲ, ಆಗ ಧೂಳು ತೆಗೆಯೋಕೆ ಅಪ್ಪ ಕೂತ್ರು. ಕೈಯಲ್ಲಿದ್ದ ಉಳಿ ಜಾರಿ ಜುಟ್ಟಿನ ಮೇಲೆ ಬಿತ್ತು. ಪುಡಿಪುಡಿ ಆಯ್ತಂತೆ. ಸಂಜೆ ಮನೆಗೆ ಬಂದು ಕರವಸ್ತ್ರದ ಗಂಟು ನನ್ನ ಕೈಗಿಟ್ರು. 'ಹೋಯ್ತು ಕಣೇ' ಅಂದ್ರು. ಅಷ್ಟೇ. ಗೋಡೆ ಕಡೆ ತಿರುಗಿ ಮಲಗಿಬಿಟ್ರು. ಜ್ವರ ಬಂತು."

"ಅಮ್ಮನಿಗೆ?"

"ಬರೀ ಜ್ವರ ಅಂತ ಹೇಳಿದ್ವಿ." ಉರುಳಿದ್ದ ಕುಂಚ ಎತ್ತಿ ಬದಿಗಿಟ್ಟಳು. "ಅಪ್ಪ ಅಷ್ಟು ವರ್ಷ ಒಂದು ಸೂಜಿ, ಒಂದು ಕುಂಚ ಹಿಡ್ಕೊಂಡು ಅವಳನ್ನ ಕಲ್ಲಿಂದ ಬಿಡಿಸಿದ್ದು. ನಾನು ಚಿಕ್ಕೋಳಿದ್ದಾಗ ನನ್ನ ಉಂಗುರದ ಬೆರಳು ಹಿಡಿದು ಎಳೀತಿದ್ರು. 'ಇದೊಂದು ಬೆರಳು ಉದ್ದ ಮಾಡ್ಕೊಂಡು ಆಕಾಶಕ್ಕೆ ಹೋದ್ಲು ನೋಡೇ, ನೀನೂ ಹೋಗ್ತೀಯಾ' ಅಂತಿದ್ರು. ಅವಳನ್ನ ಅವರೇ ಒಡೆದ್ರು ಅಂತ ಊರಿಗೆಲ್ಲ ಗೊತ್ತಾದ್ರೆ ಅಪ್ಪ ಬದುಕ್ತಾರಾ ಅಂತ ಅನ್ನಿಸ್ತು."

"ಅದಕ್ಕೆ ನೀನು ಹೊಸ ಜುಟ್ಟು ಮಾಡಿದೆ."

"ತಲೆಯ ಅಚ್ಚು ಮನೇಲಿತ್ತು ಮೇಡಂ. ಕಲ್ಲಿಂದ ಬಿಡಿಸಿದ ಕೂಡ್ಲೇ ಅಪ್ಪ ತೆಗೆದಿದ್ದು, ಒಂದು ಮನೇಲಿ, ಒಂದು ಮ್ಯೂಸಿಯಂನಲ್ಲಿ. ಅದರಿಂದ ಅಳತೆ ಸಿಕ್ತು. ಹಲ್ಲಿಗೆ ಹಾಕೋ ಸಾಮಾನಲ್ಲೇ ಕಟ್ಟಿದೆ. ಅಪ್ಪನಿಗೆ ಹೇಳಲಿಲ್ಲ. ರಜೆಯ ದಿನ ಅಪ್ಪನ ಬೀಗದ ಕೈ ತಗೊಂಡು ಹೋಗಿ ಕೂರಿಸಿ ಬಂದೆ. ಕಾವಲಿನವರು ನನ್ನನ್ನ ಪುಟ್ಟ ಮಗು ಆಗಿದ್ದಾಗಿಂದ ನೋಡಿದೋರು, ಏನೂ ಕೇಳಲಿಲ್ಲ."

"ಅಪ್ಪನಿಗೆ ಗೊತ್ತಾಗಲ್ಲ ಅಂದ್ಕೊಂಡೆಯಾ?"

"ಗೊತ್ತಾದ್ರೆ ಬೈತಾರೆ ಅಂದ್ಕೊಂಡೆ." ಈಗ ಅವಳ ದನಿ ಒಡೆಯಿತು. "ಬೈದಿದ್ರೆ ಚೆನ್ನಾಗಿತ್ತು. ಕೆಲಸಕ್ಕೆ ಹೋಗಿ ನೋಡಿ, ಮನೆಗೆ ಬಂದು ನನ್ನ ಎದುರಿಗೆ ಕೂತ್ರು. ನನ್ನ ಎರಡೂ ಕೈ ತಗೊಂಡು ಮಗುಚಿ ಮಗುಚಿ ನೋಡಿದ್ರು. 'ಚೆನ್ನಾಗಿ ಮಾಡಿದ್ದೀಯ' ಅಂದ್ರು. ಸ್ವಲ್ಪ ಹೊತ್ತು ಬಿಟ್ಟು 'ತುಂಬಾ ಚೆನ್ನಾಗಿ ಮಾಡಿಬಿಟ್ಟಿದ್ದೀಯ' ಅಂದ್ರು. ಆಮೇಲೆ ನನ್ನ ಬೆರಳು ಮಡಿಸಿ, ಮುಷ್ಟಿ ಮಾಡಿ, ನನಗೇ ವಾಪಸ್ ಕೊಟ್ರು. ಕೈಯಲ್ಲಿ ಏನೋ ಇಟ್ಟು ಮುಚ್ಚಿದ ಹಾಗೆ."

ಇಪ್ಪತ್ತೈದು ವರ್ಷ ಕಳ್ಳರ ಕತೆ ಕೇಳಿದ ಕಿವಿ ಇದು. ಕಳ್ಳತನವೇ ಅಲ್ಲದ ಇಂಥ ಕಳ್ಳತನ ಕೇಳಿರಲಿಲ್ಲ. ಮೇಷ್ಟ್ರು ಕಾಣುವ ಹಾಗೆ ತೇಪೆ ಹಾಕುವವರು. ಮಗಳು ಕಾಣದ ಹಾಗೆ. ಇಬ್ಬರೂ ತಮ್ಮ ತಮ್ಮ ಕಸುಬಿಗೆ ನಿಯತ್ತಾಗಿದ್ದವರೇ. ಅವಳು ಒಂದಿಷ್ಟು ಕೆಟ್ಟದಾಗಿ ಮಾಡಿದ್ದರೆ ಅದು ದುರಸ್ತಿ ಎನ್ನಿಸಿಕೊಳ್ಳುತ್ತಿತ್ತು. ಚೆನ್ನಾಗಿ ಮಾಡಿದ್ದಕ್ಕೇ ಮೋಸವಾಯಿತು.

"ಸಭೆಯಲ್ಲಿ 'ನಾನೇ' ಅಂದಿದ್ದು ನಿನಗೋಸ್ಕರ."

"ಅವತ್ತೇ ಹೋಗಿ ಹೇಳಬೇಕಿತ್ತು ನಾನು. 'ನಾಳೆ ಎಲ್ಲ ಸರಿಹೋಗುತ್ತೆ, ನೀನು ಬಾಯಿ ಬಿಡಬೇಡ' ಅಂತ ಅಪ್ಪ ಫೋನ್ ಮಾಡಿದ್ರು. 'ನನಗೊಂದು ಮಾತಾಡೋದಿದೆ, ಮುಗಿಸ್ಕೊಂಡು ಬರ್ತೀನಿ' ಅಂದ್ರು. ಬರಲೇ ಇಲ್ಲ." ಅಂಗೈಯಿಂದ ಮುಖ ಒರೆಸಿಕೊಂಡಳು. "ಅಮ್ಮ ದಿನಾ ಕೇಳ್ತಾಳೆ ಮೇಡಂ, ಯಾರೇ ಅದು ಪಾಪಿ, ನಿಮ್ಮಪ್ಪನ ತಲೆ ಮೇಲೆ ಇದನ್ನ ಹೊರಿಸಿದ್ದು ಅಂತ. ಅನ್ನ ಕಲಸ್ತಾ ಕೇಳ್ತಾಳೆ. ನಾನು ಎದುರಿಗೇ ಕೂತಿರ್ತೀನಿ."

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಗಂಡನ ಹೆಸರು ವಾಪಸ್ ತಂದುಕೊಡು ಎಂದು ಕೇಳಿದ ತಾಯಿಗೆ ಹೆಸರು ಕೊಟ್ಟು ಮಗಳನ್ನು ಕಿತ್ತುಕೊಳ್ಳಬೇಕು. ಇಂಥ ಗೆಲುವು ಯಾರಿಗೆ ಬೇಕು? ಎದ್ದು ಹೋಗಿಬಿಡೋಣ ಅನ್ನಿಸಿತು. ಆದರೆ ಒಂದು ಮಾತು ಚಪ್ಪಲಿಯೊಳಗಿನ ಕಲ್ಲಿನಂತೆ ಒತ್ತುತ್ತಿತ್ತು.

"'ಎಲ್ಲ ಸರಿಹೋಗುತ್ತೆ' ಅಂದ್ರಾ? ಮೋಸಗಾರ ಅಂತ ಹಣೆಪಟ್ಟಿ ಕಟ್ಟಿಸ್ಕೊಂಡು ಬಂದ ಮನುಷ್ಯ, ಸರಿಹೋಗುತ್ತೆ ಅಂತಾರಾ?"

"ಹೂಂ. ದನಿಯೂ ಗಟ್ಟಿಯಾಗಿತ್ತು. ನನಗೂ ಆಶ್ಚರ್ಯ ಆಯ್ತು."

"ಆ ಕರವಸ್ತ್ರದ ಗಂಟು ಎಲ್ಲಿ?"

ಅವಳು ಮೇಜಿನ ಕೆಳಗಿನ ಖಾನೆ ತೆರೆದು ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದಳು. ಮುದುಕರು ಹಲ್ಲಿನ ಸೆಟ್ಟು ಇಟ್ಟುಕೊಳ್ಳುವಂಥದು. "ಎಸೆಯೋಕಾಗಲಿಲ್ಲ. ಅಪ್ಪ ಸಾಯೋ ಹಿಂದಿನ ದಿನ 'ಚೂರು ಜೋಪಾನ' ಅಂದಿದ್ರು. ಅವಕ್ಕೂ ಒಂದು ಮರ್ಯಾದೆ ಇರಲಿ ಅಂತ ಹೇಳಿದ್ದಿರಬೇಕು."

"ನೀನು ಬಿಚ್ಚಿ ನೋಡಿದ್ಯಾ?"

"ಇಲ್ಲ. ಸತ್ತವರ ಮುಖ ನೋಡಿದ ಹಾಗಾಗುತ್ತೆ."

"ಈಗ ನೋಡೋಣ."

ಅವಳು ಗಂಟು ಬಿಚ್ಚಿದಳು. ಒಳಗೆ ಕಂದುಬಣ್ಣದ ಹತ್ತಾರು ಚೂರು, ಒಂದಿಷ್ಟು ಪುಡಿ. ನನ್ನ ಕಣ್ಣಿಗೆ ಅದು ಮೂಳೆಯೂ ಆಗಬಹುದು, ಒಡೆದ ಹೂಕುಂಡವೂ ಆಗಬಹುದು. ಆದರೆ ಅವಳು ದೊಡ್ಡ ಚೂರೊಂದನ್ನು ಎರಡು ಬೆರಳಲ್ಲಿ ಎತ್ತಿದವಳು ಹಾಗೇ ನಿಂತಳು.

ಒಡೆದ ಮೈಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಉಗುರಿನಿಂದ ಗೀರಿದಳು. ಗೀರಿದಲ್ಲಿ ಬಿಳಿ ಪುಡಿ ಉದುರಿತು. ತುಟಿಗೆ ತಾಗಿಸಿ ನೋಡಿದಳು. ಇನ್ನೊಂದು ಚೂರು ಎತ್ತಿದಳು, ಮತ್ತೊಂದು. ಅವಳ ಉಸಿರಾಟ ನನಗೆ ಕೇಳಿಸುತ್ತಿತ್ತು.

"ಏನಮ್ಮ?"

"ಮೂಳೆ ಒಳಗೆ ಹೀಗಿರಲ್ಲ. ರೆಕ್ಕೆಯಮ್ಮನ ಮೂಳೆ ಒಳಗೆಲ್ಲ ತೂತು ತೂತು, ಹಗುರ ಇರಬೇಕು ಹಾರೋಕೆ. ಅಪ್ಪ ಸಾವಿರ ಸಲ ತೋರಿಸಿದ್ದಾರೆ." ಚೂರನ್ನು ನನ್ನತ್ತ ತಿರುಗಿಸಿದಳು. ಮೇಲೆ ಕಂದು ಬಣ್ಣ. ಒಳಗೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಬಿಳುಪು. "ಇದು ಪ್ಲಾಸ್ಟರ್ ಮೇಡಂ. ದಿನಾ ಬಕೆಟ್‌ಗಟ್ಟಲೆ ಕಲಸ್ತೀನಿ ನಾನು ಇದನ್ನ. ಅಚ್ಚಿಗೆ ಸುರಿದು ಮೇಲೆ ಬಣ್ಣ ಬಳಿದಿದ್ದಾರೆ."

"ಅಂದ್ರೆ..."

"ಅಪ್ಪ ಒಡೆದಿದ್ದು ರೆಕ್ಕೆಯಮ್ಮನ ಜುಟ್ಟಲ್ಲ."

ಮೇಷ್ಟ್ರು ಕಲ್ಲಿನಿಂದ ಬಿಡಿಸಿದ್ದು ನಿಜವಾದ ಜುಟ್ಟು. ರೆಕ್ಕೆಯಮ್ಮ ಗಾಜಿನ ಹಿಂದೆ ಗೋಡೆಗೆ ನೇತಾಡುತ್ತಿದ್ದ ವರ್ಷಗಳಲ್ಲಿ ಯಾರೋ ಆ ಬೆಲೆಬಾಳುವ ಮೂಳೆಯನ್ನು ಕತ್ತರಿಸಿ ತೆಗೆದು, ಈ ಪ್ಲಾಸ್ಟರ್ ಕೂರಿಸಿ, ಗಾಜು ಮುಚ್ಚಿದ್ದರು. ಮೇಷ್ಟ್ರ ಕೈ ನಡುಗದೇ ಇದ್ದಿದ್ದರೆ ಅದು ಯಾರಿಗೂ ಗೊತ್ತಾಗುತ್ತಲೇ ಇರಲಿಲ್ಲ.

"ಅವರಿಗೆ ಒಡೆದ ಕ್ಷಣಕ್ಕೇ ಗೊತ್ತಾಗಿದೆ" ಎಂದಳು ಮಗಳು, ತನಗೆ ತಾನೇ ಹೇಳಿಕೊಳ್ಳುವಂತೆ. "ಇಷ್ಟು ಬಿಳಿ ಕಂಡ್ರೆ ಅಪ್ಪನಿಗೆ ಗೊತ್ತಾಗದೇ ಇರುತ್ತಾ? ಹೋಯ್ತು ಕಣೇ ಅಂದಿದ್ದು ಒಡೆದೆ ಅಂತಲ್ಲ. ಅವಳ ಜುಟ್ಟೇ ಹೋಗಿದೆ ಅಂತ. ಚೂರು ಕೊಟ್ಟಿದ್ದು ಅಳೋಕಲ್ಲ, ಇಟ್ಕೊಳ್ಳೋಕೆ. ನಾನು ಒಂದು ಸಲ, ಒಂದೇ ಒಂದು ಸಲ ಇದನ್ನ ಬಿಚ್ಚಿ ನೋಡಿದ್ದಿದ್ರೆ ಹೊಸ ಜುಟ್ಟು ಮಾಡ್ತಾನೇ ಇರಲಿಲ್ಲ ಮೇಡಂ. ಕಳ್ಳನ ಜಾಗಕ್ಕೆ ನನ್ನ ಕೆಲಸ ಕೂರಿಸಿ ಬಂದೆ. ಅಪ್ಪ ಕಳ್ಳನ್ನ ಹಿಡ್ಕೊಡೋಣ ಅಂದ್ರೆ ಮೊದಲು ನನ್ನನ್ನ ಹಿಡ್ಕೊಡಬೇಕಾಗ್ತಿತ್ತು."

ಆಗ ಅತ್ತಳು. ಹಲ್ಲುಗಳ ಸಾಲಿನ ಮುಂದೆ ಹಣೆಯಿಟ್ಟು, ಸದ್ದಿಲ್ಲದೆ, ಬೆನ್ನು ಅಲುಗಿಸುತ್ತ ಅತ್ತಳು. ಬೆನ್ನು ಸವರುವುದು ಬಿಟ್ಟು ನನಗೆ ಬೇರೇನೂ ತೋಚಲಿಲ್ಲ. ನನ್ನ ಕಣ್ಣೂ ಒದ್ದೆಯಾಗಿತ್ತು, ಯಾಕೆ ಮುಚ್ಚಿಡಲಿ.

ಸವರುತ್ತಿದ್ದ ಕೈ ಅಲ್ಲೇ ನಿಂತಿತು.

ಚೂರುಪಾರು ಸಿಕ್ಕರೆ ತಂದುಕೊಡಿ.

ಯಾವ ಚೂರು? ಸಭೆ ಹೇಳಿದ್ದು ಇಲ್ಲದ ಜುಟ್ಟನ್ನು ಮೇಷ್ಟ್ರು ಹುಟ್ಟಿಸಿದರು ಎಂದು. ಏನೋ ಒಡೆದಿದೆ ಎಂದು ಅಪ್ಪ, ಮಗಳ ಹೊರತು ಯಾರಿಗೂ ಗೊತ್ತಿರಲಿಲ್ಲ. ಒಡೆದ ಸುದ್ದಿಯೇ ಗೊತ್ತಿಲ್ಲದ ಮನುಷ್ಯ ಚೂರು ಕೇಳಿದ್ದು ಹೇಗೆ? ಇದನ್ನು ಜಿಪುಣತನ ಎಂದುಕೊಂಡು ಮೆಟ್ಟಿಲಿಳಿದು ಬಂದ ನನ್ನ ಬುದ್ಧಿಗೆ ಮಂಗಳಾರತಿ ಎತ್ತಬೇಕು.

ನನ್ನ ಚೀಲದಲ್ಲಿ ಫೋನು ಬಡಿದುಕೊಂಡಿತು. ಮೇಷ್ಟ್ರ ಹೆಂಡತಿ. ಮಗಳಿಗೂ ಕೇಳಿಸಲೆಂದು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ.

"ತಂಗೀ, ಒಂದು ಒಳ್ಳೆ ಸುದ್ದಿ!" ಆಕೆಯ ದನಿಯಲ್ಲಿ ನಗು ಇತ್ತು. ಇಷ್ಟು ದಿನದಲ್ಲಿ ನಾನು ಕೇಳಿರದ ನಗು. ಮಗಳು ತಲೆಯೆತ್ತಿದಳು. "ನಿರ್ದೇಶಕರು ಮನೆಗೇ ಬಂದಿದ್ದಾರೆ. ಪಾಪ, ನಾವೆಲ್ಲ ತಪ್ಪು ತಿಳ್ಕೊಂಡಿದ್ವಿ. ಇವರ ಹೆಸರು ವಾಪಸ್ ಹಾಕಿಸ್ತಾರಂತೆ! ಅದೇ ಗೋಡೆಗೆ, ಅದೇ ಫಲಕ. ಅದು ಮೋಸ ಅಲ್ಲ, ವಯಸ್ಸಾದೋರ ಕೈತಪ್ಪು ಅಂತ ಸಭೆಯಲ್ಲಿ ಬರೆಸ್ತಾರಂತೆ."

"ಒಳ್ಳೇದಕ್ಕ" ಎಂದೆ. ನನ್ನ ದನಿ ನನಗೇ ಬೇರೆಯವರದೆನ್ನಿಸಿತು. "ಅದಕ್ಕೆ ಏನಾದ್ರೂ ಕೇಳಿದ್ರಾ?"

"ಏನಿಲ್ಲ ತಂಗಿ, ಯಾವುದೋ ಚೂರಿನ ಗಂಟಂತೆ. ಕೊನೇ ಸಂಜೆ ಇವರು ಅವರ ರೂಮಿಗೆ ಹೋಗಿ, ಅದು ನನ್ನ ಹತ್ರ ಇದೆ ಅಂತ ಹೇಳಿದ್ರಂತೆ. ಅದನ್ನ ಕೊಟ್ರೆ ಸಾಕಂತೆ. ನಾನು ಮನೆಯೆಲ್ಲ ಹುಡುಕಿದೆ, ಅವರೂ ಜೊತೆಗೆ ಹುಡುಕ್ತಿದ್ದಾರೆ. ಮಗಳಿಗೆ ಗೊತ್ತಿರಬಹುದು. ಸ್ವಲ್ಪ ಕೇಳ್ತೀಯಾ?"

ಕೊನೇ ಸಂಜೆ. ಸಭೆ ಮುಗಿದ ಮೇಲೆ ನೋಡಲೇ ಇಲ್ಲ ಎಂದಿದ್ದ ಮನುಷ್ಯ, ಈಗ ಆ ಹೆಂಗಸಿನ ಕಪಾಟಿನಲ್ಲಿ ಕೈಯಾಡಿಸುತ್ತ ನಿಂತಿದ್ದ. ಆಕೆಯನ್ನು ಎಚ್ಚರಿಸುವಂತಿರಲಿಲ್ಲ. ಏನೇ ಹೇಳಿದರೂ ಆತನಿಗೂ ಕೇಳಿಸುತ್ತಿತ್ತು.

ನಾನು ಬಾಯಿ ತೆರೆಯುವ ಮೊದಲೇ ಮಗಳು ಫೋನಿನ ಕಡೆ ಬಗ್ಗಿದಳು. ಮುಖ ಒದ್ದೆ, ದನಿ ಮಾತ್ರ ತೀರಾ ಶಾಂತ.

"ಅಮ್ಮಾ, ನನ್ನ ಹತ್ರ ಇದೆ. ಅವರಿಗೆ ಕೂತ್ಕೊಳ್ಳೋಕೆ ಹೇಳು. ನಾನೇ ತರ್ತೀನಿ."

"ತಾರೇ ತಾಯಿ, ಬೇಗ ಬಾ" ಎಂದು ನಗುತ್ತಲೇ ಫೋನಿಟ್ಟರು.

"ಹುಚ್ಚಿ! ಏನು ಮಾಡ್ತಿದ್ದೀಯ ಗೊತ್ತಾ?" ನಾನು ಅವಳ ರಟ್ಟೆ ಹಿಡಿದೆ. "ನಿಮ್ಮಪ್ಪ ಇದೇ ಮಾತು ಹೇಳೋಕೆ ಅವನ ರೂಮಿಗೆ ಹೋಗಿದ್ದು, ಜೀವಂತ ವಾಪಸ್ ಬರಲಿಲ್ಲ. ಇದೊಂದೇ ಸಾಕ್ಷಿ ಇರೋದು."

"ಗೊತ್ತು ಮೇಡಂ. ಅಮ್ಮ ಒಬ್ಬಳೇ ಅವನ ಜೊತೆ ಇದ್ದಾಳೆ. ಅದೂ ಗೊತ್ತು." ಕರವಸ್ತ್ರವನ್ನು ಗಂಟು ಹಾಕಿ ಡಬ್ಬಿಯಲ್ಲಿಟ್ಟಳು. ಮುಚ್ಚುವ ಮೊದಲು ಒಂದು ಚೂರನ್ನು ಹೊರತೆಗೆದು ನನ್ನ ಅಂಗೈಯಲ್ಲಿಟ್ಟಳು. "ಅಮ್ಮ ನಕ್ಕಿದ್ದು ಕೇಳಿದ್ರಲ್ಲ. ಅವಳಿಗೆ ಆ ಹೆಸರು ಬೇಕು. ನಿಮಗೆ ಒಂದು ಚೂರು ಸಾಕಲ್ವಾ?"

ನನ್ನ ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಮುಷ್ಟಿ ಮಾಡಿ, ನನಗೇ ವಾಪಸ್ ಕೊಟ್ಟಳು.

ಮೆಟ್ಟಿಲ ಮೇಲೆ ಅವಳ ಹೆಜ್ಜೆಯ ಸದ್ದು ದಡದಡನೆ ಇಳಿದುಹೋಯಿತು. ನನ್ನ ಹಾಳು ಮಂಡಿ ಕೈಕೊಟ್ಟಿತು. ನಾನು ಬೀದಿ ಮುಟ್ಟುವಷ್ಟರಲ್ಲಿ ಸ್ಕೂಟರ್ ತಿರುವು ದಾಟಿತ್ತು. ಹಳೆಯ ಠಾಣೆಗೆ ಫೋನ್ ಮಾಡಿ ವಿಳಾಸ ಕೂಗಿ ಹೇಳಿದೆ. ಆಮೇಲೆ ಮೇಷ್ಟ್ರ ಹೆಂಡತಿಗೆ ಮಾಡಿದೆ. ಏನಾದರೊಂದು ನೆಪ ಹೇಳಿ ಅವರನ್ನು ಮನೆಯಿಂದ ಹೊರಗೆ ಕರೆಯಬೇಕಿತ್ತು.

ಫೋನು ಹೊಡೆದುಕೊಂಡಿತು. ನಿಂತಿತು. ಮತ್ತೆ ಮಾಡಿದೆ.

ಈ ಸಲ ಯಾರೋ ಎತ್ತಿದರು. ಮಾತಾಡಲಿಲ್ಲ. ಸುಮ್ಮನೆ ಒಂದು ನಿಟ್ಟುಸಿರು, ಮ್ಯೂಸಿಯಂನಲ್ಲಿ ಕೇಳಿದ್ದ ಅದೇ ನಿಟ್ಟುಸಿರು ಕೇಳಿಸಿತು.